ಹಳೆಯ ದಂಡವೊಂದರ ಗುರುತು

ಮೊದಲ ಗರಿಯೂ ಕೊನೆಯ ಗರಿಯೂ ಕಳೆದುಹೋದ ತಾಳೆಯೋಲೆಯ ಗ್ರಂಥವೊಂದು ಕೈಸೇರಿದಾಗ ವಿದ್ವಾಂಸರು ಅದನ್ನು ಎಸೆದುಬಿಡುವುದಿಲ್ಲ. ಅಕ್ಷರಗಳ ರೂಪ, ಭಾಷೆಯ ಬಗೆ, ಛಂದಸ್ಸಿನ ನಡೆ ಇವುಗಳಿಂದ ಅದರ ಕಾಲವನ್ನು ನಿರ್ಣಯಿಸಲು ಯತ್ನಿಸುತ್ತಾರೆ. ಯಂತ್ರಗಳ ಲೋಕದಲ್ಲಿಯೂ ಇಂತಹ ಸಮಸ್ಯೆ ಎದುರಾಗುವುದುಂಟು. ಅಮೆರಿಕದಲ್ಲಿ ಹಳೆಯ ಪಂದ್ಯದ ಕಾರುಗಳನ್ನು ಮತ್ತೆ ಓಡುವಂತೆ ಮಾಡುವವರಿಗೆ ಕೆಲವೊಮ್ಮೆ ಯಾವ ಕಾಗದಪತ್ರವೂ ಇಲ್ಲದ, ಎಣ್ಣೆಯ ಜಿಡ್ಡಿನಿಂದ ಕಪ್ಪಾದ ಲೋಹದಂಡವೊಂದು ದೊರೆಯುತ್ತದೆ. ಅದೇ ಕ್ಯಾಮ್ ದಂಡ. ಅದು ಯಾವ ಎಂಜಿನ್ನಿನದು? ಅದಕ್ಕೆ ರೂಪ ಕೊಟ್ಟವರು ಯಾರು?

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯದ ತರುಣರು ಹಳೆಯ ಕಾರುಗಳ ಎಂಜಿನ್ನುಗಳನ್ನು ತಿದ್ದಿ, ವಿಮಾನಗಳ ಓಡುದಾರಿಗಳಲ್ಲಿ ಪಂದ್ಯಗಳನ್ನು ಏರ್ಪಡಿಸಿದರು. ಎರಡು ಕಾರುಗಳು ನಿಂತ ಸ್ಥಳದಿಂದ ಹೊರಟು ಕಾಲು ಮೈಲಿ, ಅಂದರೆ ಸುಮಾರು 402 ಮೀಟರುಗಳಷ್ಟು ದೂರ, ನೇರವಾಗಿ ಓಡುವುದೇ ಡ್ರ್ಯಾಗ್ ಪಂದ್ಯ. 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆ ಹುಟ್ಟಿತು; 1955ರಲ್ಲಿ ಅದು ಕ್ಯಾನ್ಸಸ್ ರಾಜ್ಯದ ಗ್ರೇಟ್ ಬೆಂಡ್‌ನಲ್ಲಿ ತನ್ನ ಮೊದಲ ರಾಷ್ಟ್ರೀಯ ಪಂದ್ಯವನ್ನು ನಡೆಸಿತು. ಈ ಓಟಗಾರರಿಗಾಗಿ ಎಡ್ ಇಸ್ಕೆಂಡೇರಿಯನ್ ಮೊದಲಾದ ಕುಶಲಿಗಳು ತಮ್ಮ ಕಾರ್ಯಾಗಾರಗಳಲ್ಲಿ ಕ್ಯಾಮ್ ದಂಡಗಳನ್ನು ಸಾಣೆಹಿಡಿದು ಹೊಸ ರೂಪಕ್ಕೆ ತಂದರು.

ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿ ಮತ್ತು ಇಂಧನ ಬರಲು ಒಂದು ಕವಾಟ, ಹೊಗೆ ಹೋಗಲು ಇನ್ನೊಂದು ಕವಾಟ ಇರುತ್ತವೆ. ಇವನ್ನು ಸಕಾಲದಲ್ಲಿ ತೆರೆಯಿಸುವುದು ಕ್ಯಾಮ್ ದಂಡದ ಮೇಲಿನ ಉಬ್ಬುಗಳು. ಅಂದಿನ ಎಂಟು ಸಿಲಿಂಡರುಗಳ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಇಂತಹ 16 ಉಬ್ಬುಗಳು. ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕ್ ದಂಡ ಎರಡು ಸುತ್ತು ಸುತ್ತಿದಾಗ ಕ್ಯಾಮ್ ದಂಡ ಒಂದು ಸುತ್ತು ಸುತ್ತುತ್ತದೆ. ನಿಮಿಷಕ್ಕೆ 6000 ಸುತ್ತುಗಳ ವೇಗದಲ್ಲಿ ಕ್ರ್ಯಾಂಕ್ ದಂಡದ ಅರ್ಧ ಸುತ್ತಿಗೆ ದೊರೆಯುವ ಕಾಲ ಒಂದು ಸೆಕೆಂಡಿನ 200ನೆಯ ಒಂದು ಪಾಲು ಮಾತ್ರ! ಅಷ್ಟರಲ್ಲಿ ಸಾಕಷ್ಟು ಗಾಳಿ ಒಳಗೆ ಬರಬೇಕಾದರೆ ಕವಾಟ ಹೆಚ್ಚು ಎತ್ತರಕ್ಕೆ, ಹೆಚ್ಚು ಹೊತ್ತು ತೆರೆದಿರಬೇಕು. ಆದುದರಿಂದಲೇ ಪಂದ್ಯದ ದಂಡದ ಉಬ್ಬುಗಳು ಎತ್ತರವಾಗಿಯೂ ಅಗಲವಾಗಿಯೂ ಇರುತ್ತವೆ.

ದಂಡವನ್ನು ಗುರುತಿಸುವವರು ಮೊದಲು ಅದರ ಶರೀರವನ್ನು ನೋಡುತ್ತಾರೆ. ದಂಡವು ಬೇರಿಂಗುಗಳಲ್ಲಿ ಕೂರುವ ದುಂಡನೆಯ ಭಾಗಗಳ ಸಂಖ್ಯೆ ಮತ್ತು ವ್ಯಾಸ ಎಂಜಿನ್ನಿನ ಕುಲವನ್ನು ಹೇಳುತ್ತವೆ. 1955ರಲ್ಲಿ ಬಂದ ಷೆವರ್ಲೆ ಕಂಪನಿಯ ಸಣ್ಣ ವಿ-8 ಎಂಜಿನ್ನಿನ ದಂಡದಲ್ಲಿ ಇಂತಹ ಐದು ಭಾಗಗಳು ಒಂದೇ ವ್ಯಾಸದಲ್ಲಿರುತ್ತವೆ. ಉಬ್ಬುಗಳ ನಡುವಣ ಭಾಗ ಒರಟಾಗಿದ್ದರೆ ದಂಡವನ್ನು ಎರಕ ಹೊಯ್ದಿರಬಹುದು. ಮೈಯೆಲ್ಲ ಕಡೆದು ನಯವಾಗಿದ್ದರೆ ಅದು ಉಕ್ಕಿನ ಗಟ್ಟಿಯಿಂದ ಮಾಡಿದ್ದಿರಬಹುದು.

ಎರಡನೆಯದಾಗಿ ಅಂಕಿತಗಳು. ಎರಕದೊಡನೆಯೇ ಮೂಡಿದ ಸಂಖ್ಯೆ ಕಚ್ಚಾದಂಡದ ಮೂಲವನ್ನು ತಿಳಿಸುತ್ತದೆ. ದಂಡದ ತುದಿಯಲ್ಲಿ ಉಳಿಯಿಂದ ಹೊಡೆದ ಅಕ್ಷರಗಳು ಸಾಣೆಹಿಡಿದವರ ಹೆಸರನ್ನೋ ಉಬ್ಬಿನ ಮಾದರಿಯನ್ನೋ ಸೂಚಿಸುತ್ತವೆ. ಆದರೆ ಇಲ್ಲಿಯೇ ಮೋಸಹೋಗುವ ಸಂಭವ ಹೆಚ್ಚು. ಸವೆದ ದಂಡವನ್ನು ಮತ್ತೊಬ್ಬರು ಮತ್ತೊಂದು ರೂಪಕ್ಕೆ ಸಾಣೆಹಿಡಿದರೂ ಹಿಂದಿನ ಅಂಕಿತ ತುದಿಯಲ್ಲಿ ಹಾಗೆಯೇ ಉಳಿಯಬಹುದು. ಹೆಸರು ಒಂದು, ಗುಣ ಇನ್ನೊಂದು!

ಆದಕಾರಣ ಮೂರನೆಯ ಸಾಕ್ಷಿಯಾದ ಅಳತೆಯೇ ನಿರ್ಣಾಯಕ. ಮುಳ್ಳಿನ ಮಾಪಕವನ್ನು ಉಬ್ಬಿನ ಮೇಲಿಟ್ಟು ದಂಡವನ್ನು ನಿಧಾನವಾಗಿ ತಿರುಗಿಸಿದರೆ ಉಬ್ಬಿನ ಎತ್ತರ ತಿಳಿಯುತ್ತದೆ. ಅದು 8 ಮಿಲಿಮೀಟರು ಇದೆಯೆಂದೂ, ಕವಾಟವನ್ನು ಒತ್ತುವ ಸನ್ನೆಯು ಚಲನೆಯನ್ನು ಒಂದೂವರೆ ಪಾಲು ಹೆಚ್ಚಿಸುವುದೆಂದೂ ಭಾವಿಸಿದರೆ, ಕವಾಟ 12 ಮಿಲಿಮೀಟರು ತೆರೆಯುತ್ತದೆ. ಬಳಿಕ 360 ಅಂಶಗಳನ್ನು ಗುರುತಿಸಿದ ತಟ್ಟೆಯೊಂದನ್ನು ಕ್ರ್ಯಾಂಕ್ ದಂಡಕ್ಕೆ ಜೋಡಿಸಿ ಅವಧಿಯನ್ನು ಎಣಿಸುತ್ತಾರೆ. ಪಿಸ್ಟನ್ ಮೇಲ್ತುದಿಯನ್ನು ಮುಟ್ಟುವುದಕ್ಕೆ 30 ಅಂಶ ಮುಂಚೆ ಕವಾಟ ತೆರೆದು, ಕೆಳತುದಿಯನ್ನು ದಾಟಿದ 70 ಅಂಶಗಳ ನಂತರ ಮುಚ್ಚಿದರೆ, ನಡುವಣ 180 ಸೇರಿ ಒಟ್ಟು ಅವಧಿ 280 ಅಂಶಗಳು. ಈ ಎರಡು ಅಳತೆಗಳನ್ನು ತಯಾರಕರ ಹಳೆಯ ಪಟ್ಟಿಗಳೊಡನೆ ಹೋಲಿಸುತ್ತಾರೆ. ಅಳತೆಯೂ ಅಂಕಿತವೂ ಒಂದೇ ಮಾತನ್ನು ಹೇಳಿದಾಗ ಮಾತ್ರ ಗುರುತು ಸಿಕ್ಕಿತೆಂದು ಒಪ್ಪುತ್ತಾರೆ.

ಇಷ್ಟೆಲ್ಲ ಶ್ರಮವೇಕೆ ಎಂದು ನೀವು ಕೇಳಬಹುದು. ಕೇವಲ ಹೆಸರನ್ನು ನಂಬಿ ದಂಡವನ್ನು ಕೂರಿಸಿದರೆ, ಅತಿಯಾಗಿ ತೆರೆದ ಕವಾಟಕ್ಕೆ ಮೇಲೇರುವ ಪಿಸ್ಟನ್ ಬಡಿದು ಎಂಜಿನ್ ಕ್ಷಣಾರ್ಧದಲ್ಲಿ ನುಚ್ಚುನೂರಾಗಬಹುದು. ಅದಕ್ಕಾಗಿ ಅನುಭವಿಗಳು ಗುರುತು ಸಿಕ್ಕ ಮೇಲೂ ಪಿಸ್ಟನ್ನಿನ ತಲೆಯ ಮೇಲೆ ಮೆದುವಾದ ಜೇಡಿಯ ತುಣುಕನ್ನಿಟ್ಟು, ಎಂಜಿನ್ನನ್ನು ಜೋಡಿಸಿ, ಕೈಯಿಂದಲೇ ಎರಡು ಸುತ್ತು ತಿರುಗಿಸುತ್ತಾರೆ. ಮತ್ತೆ ಬಿಚ್ಚಿ, ಕವಾಟವು ಒತ್ತಿದೆಡೆ ಜೇಡಿ ಎಷ್ಟು ದಪ್ಪ ಉಳಿದಿದೆಯೆಂದು ಅಳೆಯುತ್ತಾರೆ. ನಡುವೆ ಉಳಿದ ಅಂತರ ಅಷ್ಟೇ.

ಎಂದೋ ಯಾರೋ ಸಾಣೆಯ ಮುಂದೆ ನಿಂತು ರೂಪಿಸಿದ ಕೆಲಸ ಹೀಗೆ ಮತ್ತೆ ಬೆಳಕಿಗೆ ಬರುತ್ತದೆ. ಅಂಕಿತ ಅಳಿಸಿಹೋದರೂ ಆ ಕೈಗಳ ಲೆಕ್ಕಾಚಾರ ಉಬ್ಬಿನ ವಕ್ರರೇಖೆಯಲ್ಲಿ ಉಳಿದಿರುತ್ತದೆ. ಅದನ್ನು ಓದುವವರಿಗೆ ತಾಳ್ಮೆಯೂ, ಕೇಳಿದ್ದನ್ನು ಅಳೆದು ನೋಡುವ ಬುದ್ಧಿಯೂ ಇರಬೇಕು.