ಕನ್ಸರ್ವೆನ್ಸಿ ದಾರಿ ಹಿಡಿದು ಮಾಚೇನಹಳ್ಳಿಗೆ

"ಮೇನ್ ರೋಡ್ ಯಾಕೆ ಸಾರ್? ಹಿಂದುಗಡೆಯಿಂದ ಹೋಗಣ ಬನ್ನಿ."

ಹೀಗೆಂದವರೇ ಸರ್ರನೆ ಎರಡು ಕಟ್ಟಡಗಳ ಸಂದಿಗೆ ಸೈಕಲ್ ನುಗ್ಗಿಸಿಬಿಟ್ಟರು. ಬೆಳಗಿನ ಆರೂಕಾಲು. ಶಿವಮೊಗ್ಗದ ದುರ್ಗಿಗುಡಿ ಇನ್ನೂ ಕಣ್ಣುಜ್ಜಿಕೊಳ್ಳುತ್ತಿತ್ತು. ನನ್ನ ಮುಂದೆ ಹೋಗುತ್ತಿದ್ದವರು ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಐವತ್ತು ದಾಟಿದ ವಯಸ್ಸು, ಕ್ಯಾರಿಯರ್‌ಗೆ ಬಿಗಿದ ಬುತ್ತಿ. ಜೋರು ಮಳೆಯ ದಿನ ಬಿಟ್ಟರೆ ವರ್ಷವಿಡೀ ಸೈಕಲ್ಲೇ. ನಡೆಯುವವರಿಗೂ ಪೆಡಲ್ ತುಳಿಯುವವರಿಗೂ ನಮ್ಮ ರಸ್ತೆಗಳಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡಲು ಹೊರಟವನು ನಾನು. ಅಕ್ಕನ ಮಗನ ಸೈಕಲ್ ಎರವಲು ತಂದು ಅವರ ಬೆನ್ನು ಹಿಡಿದಿದ್ದೆ.

ನೋಡಲು ಹೋದದ್ದು ಹೆದ್ದಾರಿಯನ್ನು. ಇವತ್ತಿಗೂ ತಲೆಯಿಂದ ಇಳಿಯದಿರುವುದು ಆ ಸಂದಿ.

ಊರಿನವರು ಅದನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಎರಡು ಬೀದಿಗಳ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಲ್ಲಿ ನಡುವೆ ಉಳಿದ ಓಣಿ. ಸೈಕಲ್ಲಿಗೆ ಧಾರಾಳ, ಬೈಕಿಗೆ ಸಾಕು, ಕಾರಿಗೆ ಮುಜುಗರ. ಹಿತ್ತಿಲ ಬಾಗಿಲಲ್ಲಿ ಪಾತ್ರೆ ತೊಳೆಯುವ ಸದ್ದು, ತಂತಿಯ ಮೇಲೆ ಯೂನಿಫಾರಂ, ಗೋಡೆಯಾಚೆ ಬಾಗಿದ ಕರಿಬೇವು. ಪ್ರತಿ ತಿರುವಿನಲ್ಲೂ ಫಿಟ್ಟರ್ ಅಣ್ಣ ಎರಡು ಸಲ ಬೆಲ್ ಹೊಡೆಯುತ್ತಿದ್ದರು. ಆಚೆಯಿಂದ ಇನ್ಯಾರದೋ ಬೆಲ್ ಉತ್ತರ ಕೊಡುತ್ತಿತ್ತು. ಹಾಲಿನವನು, ಪೇಪರಿನ ಹುಡುಗ, ಹೂವಿನ ಬುಟ್ಟಿಯ ಅಜ್ಜಿ ಎಲ್ಲರೂ ಅಲ್ಲಿದ್ದರು. ಮುಂದಿನ ರಸ್ತೆಯಲ್ಲಿ ಇಲ್ಲದ ಶಿವಮೊಗ್ಗ ಹಿಂದಿನ ಓಣಿಯಲ್ಲಿತ್ತು.

ಆದರೆ ಈ ಓಣಿಯನ್ನು ಯಾರೂ ನಡೆದಾಡಲೆಂದು ಬಿಟ್ಟದ್ದಲ್ಲ. ಒಳಚರಂಡಿ ಬರುವ ಮುಂಚೆ ಮನೆಯ ಕಕ್ಕಸು ಹಿತ್ತಿಲ ಕೊನೆಗಿರುತ್ತಿತ್ತು. ಅದರ ಹಿಂಗೋಡೆಯ ಬುಡದಲ್ಲೊಂದು ಕಿಂಡಿ. ಬೆಳಗಾಗುವ ಮುನ್ನ ಬಂದು ಆ ಕಿಂಡಿಯಿಂದ ಮಲ ಬಾಚಿ ತಲೆಯ ಮೇಲೆ ಹೊತ್ತೊಯ್ಯುವವರು ಮುಂಬಾಗಿಲ ಬೀದಿಯಲ್ಲಿ ಕಾಣಬಾರದಲ್ಲ, ಅದಕ್ಕೆ ಈ ಬೇರೆ ದಾರಿ. ಜಾತಿ ಎಳೆದ ನಕ್ಷೆಗೆ ಇಂಗ್ಲಿಷಿನ ಗಂಭೀರ ಹೆಸರು. ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ಕರ್ನಾಟಕದಲ್ಲಿ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರದ ಕಾಯ್ದೆ ಬರಲು 1993 ಆಗಬೇಕಾಯಿತು, ಇನ್ನೂ ಬಿಗಿಯಾದದ್ದು 2013ಕ್ಕೆ. ಮೂಲ ಕೆಲಸ ನಿಂತ ಮೇಲೆ ಓಣಿಗಳು ಕಸದ ಪಾಲಾದವು, ಹಂದಿಗಳ ಪಾಲಾದವು, ಅಲ್ಲಲ್ಲಿ ಅಕ್ಕಪಕ್ಕದವರ ಪಾಲೂ ಆದವು. 2016ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಇವುಗಳ ಕಡೆಗೂ ಕಣ್ಣು ಬಿತ್ತು, ಕಲ್ಲು ಹಾಸಿ ನಡೆದಾಡುವ ದಾರಿ ಮಾಡುವ ಯೋಚನೆ ಬಂತು.

ಸ್ಮಾರ್ಟ್ ಎಂಬ ಮಾತು ಕೇಳಿದರೇ ನನಗೆ ಹುಬ್ಬು ಮೇಲೇರುತ್ತದೆ. ಆದರೂ ಇದೊಂದು ಯೋಚನೆಗೆ ಸೈ ಎನ್ನದಿರಲಾರೆ. ಯಾರನ್ನು ಮರೆಮಾಡಲು ಓಣಿ ಹುಟ್ಟಿತೋ ಅದೇ ಓಣಿಯಲ್ಲಿ ಈಗ ಶಾಲೆಯ ಮಕ್ಕಳು ಸೈಕಲ್ ಕಲಿಯುತ್ತಾರೆಂದರೆ ಅದು ಕಲ್ಲು ಹಾಸಿದ್ದಕ್ಕಿಂತ ದೊಡ್ಡ ಕೆಲಸ.

ಓಣಿ ಸುರಕ್ಷಿತವಾಗಿರುವುದು ಫಲಕದಿಂದಲ್ಲ, ಆಕಾರದಿಂದ. ಕಿರಿದು, ತಿರುವು ಚೂಪು, ಮುಂದೇನಿದೆ ಕಾಣದು. ಆದ್ದರಿಂದ ಯಾರೂ ಓಡಿಸಲಾರರು. ಬೀದಿ ವಿನ್ಯಾಸದ ತಜ್ಞರು ಹೇಳುವುದೂ ಇಷ್ಟೇ: ವಾಹನದ ಪಥ ಕಿರಿದು ಮಾಡಿ, ಮೂಲೆಗಳನ್ನು ಬಿಗಿ ಮಾಡಿ, ಉಳಿದ ಜಾಗವನ್ನು ಕಾಲಿಗೆ ಕೊಡಿ. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಪಥಗಳ ಅಗಲ ಒಂದೇ ಸಮನಾಗಿಸಿ, ಪೈಪು-ಕೇಬಲ್ಲುಗಳನ್ನು ಫುಟ್‌ಪಾತ್ ಕೆಳಗೆ ಹಾಕಿದ್ದು ಇದೇ ಲೆಕ್ಕದಲ್ಲಿ. 2018ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಕಲ್ಲು ಹಾಸಿದ್ದೂ ಹೌದು. ಮೈಸೂರು 2017ರಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ತಂದಿತು. ಸೈಕಲ್ ಕೊಡುವುದು ಸುಲಭ, ಅದು ಓಡಾಡುವ ಜಾಗ ಕೊಡುವುದೇ ಕಷ್ಟ.

ಫುಟ್‌ಪಾತಿನದೂ ಇದೇ ಕಥೆ. ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಅಗಲ ಇರಬೇಕು, ಅಂಚುಗಲ್ಲು 150 ಮಿಲಿಮೀಟರ್ ಮೀರಬಾರದು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ. ನಾನು ಕಂಡ ಬಹಳಷ್ಟು ಫುಟ್‌ಪಾತ್‌ಗಳು ಪ್ರತಿ ಗೇಟಿಗೊಮ್ಮೆ ಇಳಿದು ಮತ್ತೆ ಏರುತ್ತವೆ. ಕುರುಡರಿಗೆಂದು ಹಾಸಿದ ಹಳದಿ ಉಬ್ಬುಗೆರೆ ನೆಟ್ಟಗೆ ಟ್ರಾನ್ಸ್‌ಫಾರ್ಮರಿಗೆ ಮುಖ ಕೊಟ್ಟು ನಿಲ್ಲುತ್ತದೆ. ಗಾಲಿಕುರ್ಚಿಯವರು ಒಂದು ಮೆಟ್ಟಿಲು ಕಂಡರೂ ಸಾಕು, ರಸ್ತೆಗಿಳಿಯಲೇಬೇಕು. ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿ ಕೊಟ್ಟ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು.

ಅಮೀರ್ ಅಹಮದ್ ವೃತ್ತ ಬಂತು. ಓಣಿ ಮುಗಿಯಿತು. ತುಂಗಾ ಸೇತುವೆ ದಾಟಿ ವಿದ್ಯಾನಗರ, ಎಂ.ಆರ್.ಎಸ್. ವೃತ್ತ, ಮಲವಗೊಪ್ಪ, ನಿದಿಗೆ. ಸರ್ಕಾರದ ಲೆಕ್ಕದಲ್ಲಿ ಮೊದಲು 206, ಈಗ 69ನೇ ಹೆದ್ದಾರಿ. ಜನರ ಬಾಯಲ್ಲಿ ಅಂದೂ ಇಂದೂ ಬಿ.ಎಚ್. ರಸ್ತೆ. ಅಣ್ಣನ ಹೆಬ್ಬೆರಳು ಬೆಲ್ ಬಿಟ್ಟಿತ್ತು. ಬೆರಳುಗಳೆಲ್ಲ ಬ್ರೇಕಿನ ಮೇಲೆ. "ಇಲ್ಲಿ ಬೆಲ್ ಯಾರಿಗೆ ಕೇಳತ್ತೆ ಸಾರ್!"

ಇದೇ ರಸ್ತೆಯಲ್ಲಿ ಮುಂದೆ ಸಿಗುವ ಕಾರ್ಖಾನೆಯ ಊರು, ಹಳೆಯ ಭದ್ರಾವತಿ, ಹೀಗಿರಲಿಲ್ಲ. ಬೆಂಕಿಪುರವಾಗಿದ್ದ ಊರಿನಲ್ಲಿ 1923ರಲ್ಲಿ ಕಬ್ಬಿಣ ಕರಗಲು ತೊಡಗಿದಾಗ ಕಾರ್ಖಾನೆಯ ಜೊತೆಗೇ ಕ್ವಾರ್ಟರ್ಸ್ ಬೆಳೆದವು. ಕಾಗದದ ಕಾರ್ಖಾನೆಗೆ ಪೇಪರ್ ಟೌನ್ ಇತ್ತು. ಸೈರನ್ ಕೇಳಿ ಮನೆಯಿಂದ ಹೊರಟರೂ ನಡೆದು ಗೇಟು ಮುಟ್ಟಬಹುದಿತ್ತು. ಮಾಚೇನಹಳ್ಳಿಗೆ ಕೈಗಾರಿಕಾ ಪ್ರದೇಶ ಬಂತು, ಹಾಲಿನ ಡೇರಿ ಬಂತು, ಕೆ.ಎಸ್.ಆರ್.ಪಿ. ಪಡೆ ಬಂತು. ಗೇಟುಗಳೇನೋ ಬಂದವು, ಊರು ಬರಲಿಲ್ಲ. ಆಳುಗಳು ಶಿವಮೊಗ್ಗದಿಂದಲೋ ಭದ್ರಾವತಿಯಿಂದಲೋ ದಿನಾ ಬರಬೇಕು. ಬಂದವರು ಬಸ್ಸಿಳಿದ ಮೇಲೆ, ಇಲ್ಲವೇ ಮನೆಗೆ ಬಸ್ಸು ಹಿಡಿಯುವ ಮುಂಚೆ, ಹೆದ್ದಾರಿ ದಾಟಲೇಬೇಕು.

ಸಂಜೆ ಶಿಫ್ಟ್ ಬಿಟ್ಟಾಗ ರಸ್ತೆಯಂಚಿನಲ್ಲಿ ನಿಂತು ಲೆಕ್ಕ ಹಾಕಿದೆ. ನಾಲ್ಕು ಪಥದ ಹೆದ್ದಾರಿಯ ಒಂದು ಬದಿ ಸುಮಾರು ಏಳು ಮೀಟರ್. ಸಾಧಾರಣ ನಡಿಗೆಯಲ್ಲಿ ದಾಟಲು ಆರು ಸೆಕೆಂಡ್. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ 130 ಮೀಟರ್ ಬಂದಿರುತ್ತದೆ. ಹೊಲಿಗೆ ಕೆಲಸ ಮುಗಿಸಿ ಬಂದ ಏಳೆಂಟು ಹೆಣ್ಣುಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ಸಾಲಾದರು. ಅಂಚಿನವಳು ಅಂಗೈ ಎತ್ತಿದಳು. ಲಾರಿಯೊಂದು ಹಾರ್ನ್ ಹೊಡೆಯುತ್ತಲೇ ನಿಧಾನವಾಯಿತು. ಇದೇ ಇಲ್ಲಿಯ ಜೀಬ್ರಾ ಕ್ರಾಸಿಂಗ್.

ಮೇಲ್ಸೇತುವೆ ಕಟ್ಟಿದರಾಯಿತು ಎನ್ನುವವರಿದ್ದಾರೆ. ಎಂಟು ಗಂಟೆ ದುಡಿದವರು ಮೆಟ್ಟಿಲೇಕೆ ಹತ್ತಬೇಕು? ಸೈಕಲ್, ತಳ್ಳುಗಾಡಿ, ಗಾಲಿಕುರ್ಚಿ ಹೇಗೆ ಹತ್ತಬೇಕು? ಹತ್ತಿಳಿಯುವ ಕಷ್ಟ ವಾಹನಕ್ಕಿರಲಿ. ಗೇಟುಗಳ ಮುಂದೆ ರಸ್ತೆಯನ್ನೇ ಉಬ್ಬಿಸಿ ದಾಟುವ ಜಾಗ ಮಾಡಿ. ಡಿವೈಡರ್ ನಡುವೆ ನಿಂತು ಉಸಿರಾಡಿಕೊಳ್ಳುವಷ್ಟು ತಾವು ಬಿಡಿ. ಪಕ್ಕಕ್ಕೊಂದು ಸರ್ವಿಸ್ ರಸ್ತೆ ಇರಲಿ, ಅದರಲ್ಲಿ ಲಾರಿ ನಿಲ್ಲದಿರಲಿ. ಹೆದ್ದಾರಿಗೂ ಒಂದು ಕನ್ಸರ್ವೆನ್ಸಿ ಬೇಕು. ಈ ಸಲ ಯಾರನ್ನೂ ಮರೆಮಾಡಲು ಅಲ್ಲ.

ವಾಪಸು ಬರುವಾಗ ಕತ್ತಲಾಗಿತ್ತು. ಸೇತುವೆ ದಾಟಿ ದುರ್ಗಿಗುಡಿಯ ಹಿಂದಿನ ಓಣಿಗೆ ತಿರುಗಿದ್ದೇ ತಡ, ದಾರಿಯುದ್ದಕ್ಕೂ ತುಟಿ ಬಿಗಿದಿದ್ದ ಅಣ್ಣ ಮಗಳ ಪರೀಕ್ಷೆಯ ವಿಷಯ ತೆಗೆದರು. ತಿರುವು ಬಂತು. ಮಾತು ನಿಲ್ಲಿಸದೆಯೇ ಎರಡು ಸಲ ಬೆಲ್ ಹೊಡೆದರು.