ವಿಂಡೋಸ್ 10 ಬಂದ್ ಆಯಿತೆಂದು ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕಬೇಕೇ?

“ವಿಂಡೋಸ್ 10 ಬಂದ್ ಆಗಿದೆ, ಹಳೆ ಕಂಪ್ಯೂಟರ್ ಇನ್ನು ನಡೆಯುವುದಿಲ್ಲ, ಹೊಸದು ತಗೊಳ್ಳಿ.” ಇಂಥ ಮಾತು ಕೇಳಿ ನೀವೂ ಗಾಬರಿಯಾಗಿದ್ದೀರಾ? ಬೆಳುವಾಯಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಮಕ್ಕಳ ಓದಿಗೆಂದು ಏಳೆಂಟು ವರ್ಷದ ಹಿಂದೆ ತಂದ ಕಂಪ್ಯೂಟರಿನಲ್ಲೇ ಅಡಿಕೆ ಲೆಕ್ಕ, ಮದುವೆಯ ಫೋಟೋ, ಬ್ಯಾಂಕ್ ಕೆಲಸ ಎಲ್ಲವೂ ಇರುತ್ತದೆ. ಹಾಗಾಗಿ ಫಾರ್ವರ್ಡ್ ಮಾಡುವ ಮೊದಲು ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ವಿಂಡೋಸ್ 10 ನಿಂತುಹೋಗಿದೆಯೇ?

ಇಲ್ಲ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅಷ್ಟೇ. ಕಂಪ್ಯೂಟರ್ ಮೊದಲಿನಂತೆಯೇ ಆನ್ ಆಗುತ್ತದೆ, ಫೈಲುಗಳೂ ಇರುತ್ತವೆ. ಆದರೆ ಹೊಸದಾಗಿ ಕಂಡುಬರುವ ಭದ್ರತೆಯ ದೋಷಗಳಿಗೆ ತೇಪೆ ಹಾಕುವ ಅಪ್‌ಡೇಟ್‌ಗಳು ತಾನಾಗಿ ಬರುವುದಿಲ್ಲ.

ಹಾಗಾದರೆ ಸುಮ್ಮನಿರಬಹುದೇ?

ಅದೂ ಸರಿಯಲ್ಲ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿತ್ತು. ಪೆಟ್ಟು ತಿಂದದ್ದು ಅದನ್ನು ಹಾಕಿಕೊಳ್ಳದ ಮತ್ತು ಬೆಂಬಲ ಮುಗಿದ ಕಂಪ್ಯೂಟರುಗಳು. ಇಂಟರ್ನೆಟ್ ಇಲ್ಲದೆ ಬರೇ ಟೈಪಿಂಗ್‌ಗೆ ಬಳಸುವುದಾದರೆ ಅಪಾಯ ಕಡಿಮೆ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರ್ ಹಾಗೇ ಬಿಡುವಂಥದ್ದಲ್ಲ.

ನಿಮ್ಮ ಮುಂದಿರುವ ದಾರಿಗಳು

ಒಂದು, ವಿಂಡೋಸ್ 11. ಅಸಲಿ ವಿಂಡೋಸ್ 10 ಇದ್ದು, ಕಂಪ್ಯೂಟರ್ ಅರ್ಹವಾಗಿದ್ದರೆ ಇದು ಉಚಿತ. ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಟಿಪಿಎಂ 2.0 ಬೇಕು. ಟಿಪಿಎಂ ಎಂದರೆ ಗುಪ್ತ ಕೀಲಿಗಳನ್ನು ಕಾಪಾಡುವ ಪುಟ್ಟ ತಿಜೋರಿ ಇದ್ದಂತೆ. ಪ್ರೊಸೆಸರ್ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನದು ಅಥವಾ ನಂತರದ್ದು ಆಗಿರಬೇಕು. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಆ್ಯಪ್ ಇದನ್ನೆಲ್ಲ ಪರೀಕ್ಷಿಸಿ ಹೇಳುತ್ತದೆ. “ಟಿಪಿಎಂ ಇಲ್ಲ” ಎಂದು ಬಂದ ಕೂಡಲೇ ನಿರಾಶರಾಗಬೇಡಿ. ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಇರುತ್ತದೆ, ಬಯಾಸ್ ಸೆಟ್ಟಿಂಗ್‌ನಲ್ಲಿ ಆಫ್ ಆಗಿರುತ್ತದೆ.

ಎರಡು, ವಿಂಡೋಸ್ 10ರಲ್ಲೇ ಮುಂದುವರಿಯುವುದು. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆ ಇದೆ. ನಿಮ್ಮದು 22ಎಚ್2 ಆವೃತ್ತಿ ಆಗಿರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್‌ಗಳನ್ನು ಆ ಖಾತೆಗೆ ಬ್ಯಾಕಪ್ ಮಾಡಿದರೆ ಹಣ ಕೊಡಬೇಕಾಗಿಲ್ಲ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಸೇರಿಕೊಳ್ಳಬಹುದು.

ಮೂರು, ಲಿನಕ್ಸ್. ಲಿನಕ್ಸ್ ಮಿಂಟ್‌ನಂಥವು ಉಚಿತ, ಹಳೆ ಯಂತ್ರದಲ್ಲೂ ಹಗುರವಾಗಿ ಓಡುತ್ತವೆ. ಇಂಟರ್ನೆಟ್, ವಿಡಿಯೋ, ಪತ್ರ ಬರೆಯುವುದಕ್ಕೆ ಧಾರಾಳ ಸಾಕು. ಆದರೆ ಟ್ಯಾಲಿಯಂತಹ ವಿಂಡೋಸ್ ತಂತ್ರಾಂಶ ನೇರವಾಗಿ ನಡೆಯುವುದಿಲ್ಲ.

ಕಂಪ್ಯೂಟರ್ ನಿಧಾನ ಎಂಬುದೇ ದೂರಾದರೆ ಅದಕ್ಕೆ ಬೇರೆ ಮದ್ದು. ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಸಿಗುವ ವೇಗ ವಿಂಡೋಸ್ ಬದಲಿಸಿದರೆ ಸಿಗುವುದಿಲ್ಲ.

ಕನ್ನಡದ ಫೈಲುಗಳು ಏನಾಗುತ್ತವೆ?

ಹೆಚ್ಚಿನವರು ಮರೆಯುವುದು ಇದನ್ನೇ. ನುಡಿ, ಬರಹದ ಹಳೆ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲ್ ಹಾಳಾಗಿದೆ ಎಂದು ಅಳಿಸಬೇಡಿ. ಅದಕ್ಕೆ ಬೇಕಾದ ಫಾಂಟ್ ಇಲ್ಲ, ಅಷ್ಟೇ. ಮೊದಲೇ ಫಾಂಟುಗಳನ್ನೂ ನಕಲು ಮಾಡಿಟ್ಟುಕೊಳ್ಳಿ, ಮುಖ್ಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಯೂನಿಕೋಡ್ ಕನ್ನಡ ಮೊಬೈಲಿನಲ್ಲೂ ಓದಲು ಬರುತ್ತದೆ. ನುಡಿಯ ಕೀಲಿಮಣೆ ವಿನ್ಯಾಸ ನಮ್ಮ ಜಿಲ್ಲೆಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರದ್ದು. ಅದೇ ಕೈಗೆ ಪಳಗಿದ್ದರೆ ಹೊಸ ವಿಂಡೋಸ್‌ನಲ್ಲೂ ನುಡಿಯನ್ನು ಮತ್ತೆ ಹಾಕಿಸಿಕೊಳ್ಳಿ.

ಶುರು ಮಾಡುವ ಮೊದಲು

ಫೋಟೋ, ಕಡತಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಡೌನ್‌ಲೋಡ್ ಹಲವು ಜಿಬಿ ಆಗುವುದರಿಂದ ಮೊಬೈಲಿನ ದಿನದ ಪ್ಯಾಕ್ ಸಾಲದು, ವೈಫೈ ಇರುವಲ್ಲಿ ಮಾಡಿ. ಮಳೆಗಾಲದಲ್ಲಿ ಗುಡುಗು ಸಿಡಿಲು ಇರುವ ಸಂಜೆ ಈ ಕೆಲಸ ಬೇಡವೇ ಬೇಡ. ಅರ್ಧದಲ್ಲಿ ಕರೆಂಟ್ ಹೋದರೆ ಕಂಪ್ಯೂಟರ್ ಮತ್ತೆ ಏಳದೇ ಇರಬಹುದು. ಲ್ಯಾಪ್‌ಟಾಪ್ ಆದರೆ ಪೂರ್ತಿ ಚಾರ್ಜ್ ಮಾಡಿ ಪ್ಲಗ್‌ನಲ್ಲೇ ಇಡಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ.

“ಅರ್ಹತೆ ಇಲ್ಲದಿದ್ದರೂ ವಿಂಡೋಸ್ 11 ಹಾಕಿಕೊಡುತ್ತೇವೆ” ಎಂದರೆ ಯೋಚಿಸಿ. ಹಾಗೆ ಹಾಕಿದ್ದಕ್ಕೆ ಅಪ್‌ಡೇಟ್ ಸಿಗುವ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವಾಟ್ಸಾಪ್‌ನಲ್ಲಿ ಬಂದ “ಉಚಿತ ವಿಂಡೋಸ್ 11” ಲಿಂಕ್ ಒತ್ತಬೇಡಿ. “ಮೈಕ್ರೋಸಾಫ್ಟ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ” ಎಂದು ತಾವಾಗಿ ಫೋನ್ ಮಾಡುವವರು ಮೋಸಗಾರರೇ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಗೆ ಹೇಳುವುದಿಷ್ಟೇ: ನಿಮ್ಮ ಹಳೆ ಕಂಪ್ಯೂಟರ್ ಸತ್ತಿಲ್ಲ. ಹಾಗೆಂದು ಆರೈಕೆ ಇಲ್ಲದೆ ಬಿಡುವುದೂ ಬೇಡ. ಮೊದಲು ಬ್ಯಾಕಪ್, ಆಮೇಲೆ ಪರೀಕ್ಷೆ, ನಂತರ ತೀರ್ಮಾನ. ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.