ಡಾಲರ್ ನೋಟಿನ ಮೇಲೆ ರೊಟ್ಟಿ ತಟ್ಟಿದ ಕೈ!

ಹಳೆ ನೋಟು ಕೂಡಿಡೋ ಹುಚ್ಚಿನ ಗೆಳೆಯನೊಬ್ಬ ನನಗಿದ್ದಾನೆ. ಮೊನ್ನೆ ಒಂದು ಡಾಲರ್ ನೋಟನ್ನು ನನ್ನ ಮೂಗಿನ ಕೆಳಗೆ ಹಿಡಿದು, "ಎಡಗಡೆ ಸಹಿ ನೋಡೋ, ರೊಟ್ಟಿ ಮಾರಿದ ಹೆಂಗಸಿನದು!" ಅಂದ. ನಕ್ಕುಬಿಟ್ಟೆ. ಕಥೆ ಕೇಳಿದ ಮೇಲೆ ನಗು ನಿಂತುಹೋಯಿತು.

ಹೆಸರು ರೊಮಾನಾ ಅಕೋಸ್ಟಾ ಬನ್ಯುವೆಲೋಸ್. ಹುಟ್ಟಿದ್ದು 1925ರಲ್ಲಿ, ಅಮೆರಿಕದ ಅರಿಜೋನಾದ ಗಣಿಯೂರೊಂದರಲ್ಲಿ. ಅಪ್ಪ ಅಮ್ಮ ಹೊಟ್ಟೆಪಾಡಿಗೆ ಮೆಕ್ಸಿಕೋದಿಂದ ಬಂದವರು, ಕೈಯಲ್ಲಿ ಕಾಗದಪತ್ರವಿಲ್ಲ. 1930ರ ದಶಕದಲ್ಲಿ ಅಮೆರಿಕದ ಆರ್ಥಿಕತೆ ಕುಸಿದು ಕೆಲಸಗಳು ಮಾಯವಾದಾಗ, ಮೆಕ್ಸಿಕೋ ಮೂಲದ ಲಕ್ಷಾಂತರ ಜನರನ್ನು ಗಡಿಯಾಚೆ ಅಟ್ಟಿದರು. 1933ರಲ್ಲಿ ಈ ಹುಡುಗಿಯೂ ಹೊರಟಳು. ಹುಟ್ಟಿನಿಂದ ಅಮೆರಿಕದ ಪ್ರಜೆ ಅನ್ನೋದನ್ನು ಕೇಳೋರು ಯಾರು?

ಅಲ್ಲಿ ತಾಯಿ ಕಡುಬಿನಂಥ ತಿಂಡಿ ಮಾಡಿ ಮಾರುತ್ತಿದ್ದಳು. ಮಗಳು ವ್ಯಾಪಾರ ಕಲಿತದ್ದು ಆ ಒಲೆಯ ಮುಂದೆ. ಹದಿನಾರಕ್ಕೆ ಮದುವೆ, ಎರಡು ಗಂಡುಮಕ್ಕಳು. ಸ್ವಲ್ಪ ದಿನಕ್ಕೇ ಗಂಡ ಕೈಬಿಟ್ಟ. ನಮ್ಮ ಸಿನಿಮಾ ಆಗಿದ್ದರೆ ಇಲ್ಲೊಂದು ಶೋಕಗೀತೆ ಇರುತ್ತಿತ್ತು. ರೊಮಾನಾ ಹಾಡಲಿಲ್ಲ, ಮಕ್ಕಳನ್ನು ಕಟ್ಟಿಕೊಂಡು ಲಾಸ್ ಏಂಜಲಿಸ್‌ಗೆ ಬಂದಳು. ಹಗಲು ಪಾತ್ರೆ ತೊಳೆದಳು, ರಾತ್ರಿ ಟಾರ್ಟಿಯಾ ಮಾಡಿದಳು. ಟಾರ್ಟಿಯಾ ಅಂದ್ರೆ ಮೆಕ್ಕೆಜೋಳದ ತೆಳು ರೊಟ್ಟಿ. ಕೂಡಿಟ್ಟ ಕೆಲವು ನೂರು ಡಾಲರ್‌ನಲ್ಲಿ, ಚಿಕ್ಕಮ್ಮನ ಜೊತೆ ಸೇರಿ, 1949ರಲ್ಲಿ ಪುಟ್ಟ ರೊಟ್ಟಿ ಕಾರ್ಖಾನೆ ಶುರುಮಾಡಿದಳು. ಅದು ಬೆಳೀತು. 1960ರ ದಶಕದಲ್ಲಿ ತನ್ನ ಜನಕ್ಕಾಗಿ ಬ್ಯಾಂಕೊಂದನ್ನು ಸ್ಥಾಪಿಸಿದವರಲ್ಲೂ ಒಬ್ಬಳಾದಳು.

1971ರಲ್ಲಿ ಅಧ್ಯಕ್ಷ ನಿಕ್ಸನ್ ಆಕೆಯನ್ನು ದೇಶದ ಖಜಾಂಚಿ ಹುದ್ದೆಗೆ ಹೆಸರಿಸಿದರು. ಆಗ ನೋಟಿನ ಮೇಲೆ ಈ ಹುದ್ದೆಯವರ ಸಹಿಯೂ ಬೀಳುತ್ತಿತ್ತು. ಅಲ್ಲಿಗೆ ಶುಭಂ ಅಂದ್ಕೊಂಡ್ರಾ? ತಾಳಿ ಸ್ವಾಮಿ!

ಅದೇ ಅಕ್ಟೋಬರಿನಲ್ಲಿ ವಲಸೆ ಅಧಿಕಾರಿಗಳು ಆಕೆಯ ಕಾರ್ಖಾನೆಗೆ ನುಗ್ಗಿ, ಕಾಗದಪತ್ರವಿಲ್ಲದ 36 ಕೆಲಸಗಾರರನ್ನು ಹಿಡಿದರು. ರಾಜಕೀಯ ಸಂಚು ಅಂತ ಕೆಲವರು ಗುಮಾನಿಪಟ್ಟರು. ಅಂಥವರಿಗೆ ಕೆಲಸ ಕೊಟ್ಟ ಮಾಲೀಕರನ್ನು ಶಿಕ್ಷಿಸೋ ಕಾನೂನು ಅಮೆರಿಕ ದೇಶಾದ್ಯಂತ ಬಂದದ್ದು 1986ರಲ್ಲಿ. ಸೆನೆಟ್ ಆಕೆಯನ್ನು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಕುರ್ಚಿ ಏರಿದ ಆಕೆ 1974ರವರೆಗೆ ಅಲ್ಲಿದ್ದಳು. 2018ರಲ್ಲಿ ತೀರಿಕೊಂಡಳು.

"ಹೇಗಿದೆ ನಮ್ಮ ಹೀರೋಯಿನ್?" ಅಂದ ಗೆಳೆಯ. ಚಪ್ಪಾಳೆ ಹೊಡೆಯಲೇಬೇಕು. ಅಟ್ಟಿದ ದೇಶದ ನೋಟಿನ ಮೇಲೇ ಹೆಸರು ಬರೆದವಳು, ಮೂರು ಮಕ್ಕಳ ತಾಯಿ! ಆದರೂ ನನಗೆ ನೆನಪಾದದ್ದು ಆ 36 ಮಂದಿ. ಒಂದು ಕಾಲಕ್ಕೆ ಆಕೆಯ ಅಪ್ಪ ಅಮ್ಮ ಇದ್ದದ್ದೂ ಅವರಂತೆಯೇ ಅಲ್ಲವೇ? ನೋಟು ವಾಪಸ್ ಕೊಡುವಾಗ ಇದನ್ನೇ ಕೇಳಿದೆ. ಗೆಳೆಯ ಸುಮ್ಮನೆ ನೋಟು ಮಡಚಿಟ್ಟ.